ಡೀಸೆಲ್ ಟ್ಯಾಂಕಿನೊಳಗೆ ಅಡಗಿರುವ ತೆರಿಗೆ

(ಹುಬ್ಬಳ್ಳಿಯಲ್ಲಿ ನಡೆದ ಟ್ಯಾಕ್ಸಿ, ಆಟೋ ಚಾಲಕರು ಹಾಗೂ ಸಣ್ಣ ವಾಹನ ಮಾಲೀಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ಬರುವ ದಾರಿಯಲ್ಲಿ ನಾವು ರೈಲು ನಿಲ್ದಾಣದ ಹೊರಗೆ ಓರ್ವ ಟ್ಯಾಕ್ಸಿ ಚಾಲಕರೊಂದಿಗೆ ಮಾತಿಗೆ ನಿಂತೆವು. ವರ್ಷಕ್ಕೆ ಸರಕಾರಕ್ಕೆ ಎಷ್ಟು ತೆರಿಗೆ ಕಟ್ಟುತ್ತೀರಿ ಎಂದು ಕೇಳಿದೆವು. ಅವರು ನಕ್ಕು, 'ನಾವೆಲ್ಲಿ ಟ್ಯಾಕ್ಸ್ ಕಟ್ತೀವ್ರಿ ಸರ್, ಅದೇನಿದ್ರೂ ದೊಡ್ಡ ಮಂದೀದು' ಎಂದರು. ಅವರು ಆಗತಾನೇ ಬಂಕಿನಿಂದ ಡೀಸೆಲ್ ತುಂಬಿಸಿಕೊಂಡು ಬಂದಿದ್ದರು. ಹತ್ತು ನಿಮಿಷಗಳ ಹಿಂದೆಯಷ್ಟೇ ಕೇಂದ್ರ ಮತ್ತು ರಾಜ್ಯ ಎರಡೂ ಸರಕಾರಗಳಿಗೆ ತೆರಿಗೆ ಪಾವತಿಸಿದ್ದ ಆ ವ್ಯಕ್ತಿಗೆ, ತಾನು ತೆರಿಗೆದಾರನೆಂಬ ಅರಿವೇ ಇರಲಿಲ್ಲ. ಈ ಅರಿವಿನ ಕೊರತೆಯೇ ಇಂದಿನ ನಮ್ಮ ಮಾತಿನ ವಿಷಯ.

ಮೊದಲು ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಎಂದರೇನೆಂದು ತಿಳಿಯೋಣ. ಕರ್ನಾಟಕದಲ್ಲಿ ಇದು 2005ರ ಏಪ್ರಿಲ್ 1ರಂದು ಜಾರಿಗೆ ಬಂತು. ಇದರ ತತ್ವ ಸರಳವಾದುದು. ಓರ್ವ ವ್ಯಾಪಾರಿ 100 ರೂಪಾಯಿಯ ಸಾಮಾನು ಖರೀದಿಸುವಾಗ, ಅಂದಿನ ಶೇ. 12.5ರ ದರದಲ್ಲಿ 12 ರೂಪಾಯಿ 50 ಪೈಸೆ ತೆರಿಗೆ ಕೊಡುತ್ತಾನೆ. ಅದನ್ನೇ 120 ರೂಪಾಯಿಗೆ ಮಾರುವಾಗ ಗಿರಾಕಿಯಿಂದ 15 ರೂಪಾಯಿ ತೆರಿಗೆ ಪಡೆಯುತ್ತಾನೆ. ಈ ಹದಿನೈದರಲ್ಲಿ ತಾನು ಮೊದಲೇ ಕೊಟ್ಟದ್ದನ್ನು ಕಳೆದು, ಉಳಿದ ಎರಡೂವರೆ ರೂಪಾಯಿಯನ್ನು ಮಾತ್ರ ಸರಕಾರಕ್ಕೆ ಕಟ್ಟಿದರೆ ಸಾಕು. ತೆರಿಗೆಯ ಮೇಲೆ ತೆರಿಗೆ ಬೀಳಬಾರದೆಂಬುದೇ ಇದರ ಉದ್ದೇಶವಾಗಿತ್ತು. 2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಕೂಡಾ ಇದೇ ತತ್ವದ ಮೇಲೆ ನಿಂತಿದೆ.

ಹಾಗಾದರೆ ಟ್ಯಾಕ್ಸಿ ಚಾಲಕನಿಗೆ ಈ ವ್ಯವಸ್ಥೆಯಿಂದ ಸಿಕ್ಕಿದ್ದೇನು? ದುರದೃಷ್ಟವಶಾತ್, ಅವನ ಅತಿದೊಡ್ಡ ಖರ್ಚಾದ ಇಂಧನವನ್ನೇ ಎರಡೂ ಸಲ ಈ ವ್ಯವಸ್ಥೆಯ ಹೊರಗಿಡಲಾಯಿತು. ಪೆಟ್ರೋಲ್ ಬೆಲೆ ಏರಿದಾಗಲೆಲ್ಲ ಪತ್ರಿಕೆಗಳು 'ವ್ಯಾಟ್ ಏರಿಕೆ' ಎಂದು ಬರೆಯುತ್ತವೆ. ವಾಸ್ತವದಲ್ಲಿ ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಮೇಲಿರುವುದು 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯ ತೆರಿಗೆ. ಹೆಸರು ವ್ಯಾಟ್, ಒಳಗಿರುವುದು ಹಳೆಯ ಮಾರಾಟ ತೆರಿಗೆ. ಕೊಟ್ಟದ್ದನ್ನು ಕಳೆದುಕೊಳ್ಳುವ ಅವಕಾಶ ಇದರಲ್ಲಿ ಇಲ್ಲ. ಅಷ್ಟೇ ಅಲ್ಲ, ಕೇಂದ್ರದ ಅಬಕಾರಿ ಸುಂಕವನ್ನು ಸೇರಿಸಿದ ಬೆಲೆಯ ಮೇಲೆ ರಾಜ್ಯವು ತನ್ನ ಶೇಕಡಾವಾರು ತೆರಿಗೆ ಹಾಕುತ್ತದೆ. ಯಾವ 'ತೆರಿಗೆಯ ಮೇಲೆ ತೆರಿಗೆ'ಯನ್ನು ನಿವಾರಿಸಲು ವ್ಯಾಟ್ ಬಂತೋ, ಅದು ಡೀಸೆಲ್ ಬಂಕಿನಲ್ಲಿ ಹಾಗೆಯೇ ಉಳಿದುಕೊಂಡಿತು.

ಅಂಕಿಗಳನ್ನು ನೋಡಿ. 2021ರ ನವೆಂಬರ್‌ನಲ್ಲಿ ರಾಜ್ಯ ಸರಕಾರವು ಡೀಸೆಲ್ ಮೇಲಿನ ತೆರಿಗೆಯನ್ನು ಶೇ. 24ರಿಂದ 14.34ಕ್ಕೆ ಇಳಿಸಿತ್ತು. 2024ರ ಜೂನ್‌ನಲ್ಲಿ ಅದು ಶೇ. 18.44 ಆಯಿತು. 2025ರ ಏಪ್ರಿಲ್ 1ರಂದು 21.17ಕ್ಕೇರಿತು. ಇಳಿಸಿದವರು ಒಂದು ಪಕ್ಷದವರು, ಏರಿಸಿದವರು ಇನ್ನೊಂದು ಪಕ್ಷದವರು ಎಂದು ನಮ್ಮಲ್ಲಿ ಕೆಲವರು ವಾದ ಮಾಡಬಹುದು. ಆದರೆ ಕೇಂದ್ರ ಸರಕಾರ ಕೂಡಾ ಅದೇ 2025ರ ಏಪ್ರಿಲ್‌ನಲ್ಲಿ ಅಬಕಾರಿ ಸುಂಕವನ್ನು ಲೀಟರಿಗೆ ಎರಡು ರೂಪಾಯಿಯಷ್ಟು ಏರಿಸಿತು. ಅದನ್ನು ತೈಲ ಕಂಪೆನಿಗಳು ಭರಿಸಿದ್ದರಿಂದ ಬಂಕಿನ ಬೆಲೆ ಏರಲಿಲ್ಲ. ಆದರೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾತೈಲ ಅಗ್ಗವಾಗಿದ್ದರ ಲಾಭ ನಿಮ್ಮ ಕೈಗೆ ಬರುವ ಬದಲು ಖಜಾನೆಗೆ ಹೋಯಿತು. ಆದ್ದರಿಂದ ಇಲ್ಲಿ ಪಕ್ಷದ ಕನ್ನಡಕ ಹಾಕಿಕೊಂಡು ನೋಡುವುದರಿಂದ ಪ್ರಯೋಜನವಿಲ್ಲ.

ಆ ವರ್ಷದ ದರದಲ್ಲೇ ಒಂದು ಲೆಕ್ಕ ಮಾಡೋಣ. ರಾಜ್ಯದ ತೆರಿಗೆಗೆ ಮುಂಚಿನ ಡೀಸೆಲ್ ಬೆಲೆ ಲೀಟರಿಗೆ 75 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 21.17ರಂತೆ ತೆರಿಗೆ 15 ರೂಪಾಯಿ 88 ಪೈಸೆಯಷ್ಟಾಗುತ್ತದೆ. ದಿನಕ್ಕೆ ಹತ್ತು ಲೀಟರ್ ಸುಡುವ ಚಾಲಕ ತಿಂಗಳಿಗೆ 25 ದಿನ ದುಡಿದರೆ, ರಾಜ್ಯಕ್ಕೆ ಸುಮಾರು 3,970 ರೂಪಾಯಿ ಕೊಡುತ್ತಾನೆ. ಆಗಿನ ಕೇಂದ್ರ ಸುಂಕ ಲೀಟರಿಗೆ 17 ರೂಪಾಯಿ 80 ಪೈಸೆ. ಅದು ತಿಂಗಳಿಗೆ 4,450 ರೂಪಾಯಿ. ಎರಡೂ ಸೇರಿ ತಿಂಗಳಿಗೆ 8,400 ರೂಪಾಯಿಯ ಮೇಲೆ, ವರ್ಷಕ್ಕೆ ಒಂದು ಲಕ್ಷದ ಮೇಲೆ! 'ಅದು ದೊಡ್ಡ ಮಂದೀದು' ಎಂದು ನಕ್ಕ ಆ ಸಹೋದರರು ಕಟ್ಟುವ ತೆರಿಗೆ ಇದು. ಮಗಳ ಕಾಲೇಜು ಶುಲ್ಕವನ್ನು ಕಂತು ಕಂತಾಗಿ ಕಟ್ಟುವ ಮನೆಯಲ್ಲಿ ಒಂದು ಲಕ್ಷವೆಂದರೆ ಏನೆಂಬುದನ್ನು ನಾವು ನಿಮಗೆ ವಿವರಿಸಬೇಕಾಗಿಲ್ಲ.

ವ್ಯಾಪಾರಿಯಾದರೆ ಈ ಹೊರೆಯನ್ನು ಗಿರಾಕಿಯ ಮೇಲೆ ಹಾಕುತ್ತಾನೆ. ಚಾಲಕ ಹಾಕಬಹುದೇ? ಆಟೋ ದರವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ. ಆ್ಯಪ್‌ನ ದರವನ್ನು ಕಂಪೆನಿ ನಿಗದಿ ಮಾಡುತ್ತದೆ. ಉಳಿದದ್ದನ್ನು ನಿಲ್ದಾಣದ ಎದುರಿನ ಚೌಕಾಸಿ ನಿಗದಿ ಮಾಡುತ್ತದೆ. ಡೀಸೆಲ್ ದರ ರಾತ್ರೋರಾತ್ರಿ ಏರುತ್ತದೆ. ಬಾಡಿಗೆ ದರ ಏರಲು ಮನವಿ, ಸಭೆ, ಮತ್ತೊಂದು ಮನವಿ ಬೇಕಾಗುತ್ತದೆ. ಇನ್ನು ನಮ್ಮ ಅವಳಿ ನಗರದಲ್ಲಿ 2018ರಿಂದ ಚಿಗರಿ ಬಸ್ಸುಗಳು ಓಡುತ್ತಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಇವೆರಡನ್ನೂ ನಾವು ವಿರೋಧಿಸುವುದಿಲ್ಲ. ಧಾರವಾಡದ ಕಾಲೇಜಿಗೆ, ಆಸ್ಪತ್ರೆಗೆ ಖರ್ಚಿಲ್ಲದೆ ಹೋಗಿಬರುವವರಲ್ಲಿ ನಿಮ್ಮ ತಾಯಂದಿರು, ಮಗಳಂದಿರೂ ಇದ್ದಾರೆ. ಆದರೆ ಸರಕಾರ ಬಸ್ಸಿನ ಖರ್ಚನ್ನು ಖಜಾನೆಯಿಂದ ತುಂಬಿಕೊಡುತ್ತದೆ, ಆ ಖಜಾನೆಯನ್ನು ತುಂಬುವವರಲ್ಲಿ ಪ್ರಯಾಣಿಕರನ್ನು ಕಳಕೊಂಡ ಚಾಲಕನೂ ಒಬ್ಬ ಎಂಬುದನ್ನು ಮರೆಯಬಾರದಷ್ಟೇ.

ಜಿಎಸ್‌ಟಿಯ ಕಥೆಯೂ ಗಮನಾರ್ಹ. ರಸ್ತೆಯಲ್ಲಿ ಕೈತೋರಿಸಿ ಆಟೋ ಹತ್ತಿದರೆ ತೆರಿಗೆಯಿಲ್ಲ. ಅದೇ ಆಟೋವನ್ನು ಆ್ಯಪ್ ಮೂಲಕ ಕರೆಸಿದರೆ ಶೇ. 5ರ ತೆರಿಗೆ ಬೀಳುವ ನಿಯಮ 2022ರ ಜನವರಿ 1ರಿಂದ ಬಂತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು, ತ್ರಿಚಕ್ರ ವಾಹನ ಹಾಗೂ ಟಯರುಗಳ ಮೇಲಿನ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಆ ಹದಿನೆಂಟನ್ನೂ ಸಣ್ಣ ಮಾಲೀಕ ಮರಳಿ ಪಡೆಯಲಾರ. ಯಾಕೆಂದರೆ ಸೇವೆಗಳಲ್ಲಿ ವಾರ್ಷಿಕ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿದ್ದವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಿಲ್ಲ. ನೋಂದಣಿ ಇಲ್ಲದವರಿಗೆ ತೆರಿಗೆಯ ಜಮೆಯೂ ಇಲ್ಲ. ಡೀಸೆಲನ್ನು ಜಿಎಸ್‌ಟಿಗೆ ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ನಾವು ವೇದಿಕೆಗಳಲ್ಲಿ ಕೇಳುತ್ತೇವೆ. ಅದರಿಂದ ದೊಡ್ಡ ಕಂಪೆನಿಗೆ ಜಮೆ ಸಿಗಬಹುದು. ಒಂದೇ ಕಾರು ಇರುವವನಿಗೆ ಲಾಭವಾಗಬೇಕಾದರೆ ದರವೇ ಇಳಿಯಬೇಕು. ಈ ವ್ಯತ್ಯಾಸವನ್ನು ತಿಳಿಯದೆ ಬೇಡಿಕೆ ಮಂಡಿಸಿದರೆ, ಬೇರೆಯವರ ಮೆರವಣಿಗೆಯಲ್ಲಿ ನಾವು ಬಾವುಟ ಹಿಡಿದಂತಾದೀತು.

ತೆರಿಗೆಯೇ ಬೇಡವೆನ್ನುವವರು ನಾವಲ್ಲ. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಕೈಯಲ್ಲಿ ಸ್ವತಂತ್ರವಾಗಿ ದರ ನಿರ್ಧರಿಸಬಹುದಾದ ತೆರಿಗೆಗಳು ಬಹಳ ಕಡಿಮೆ ಉಳಿದಿವೆ. ಕೇಂದ್ರ ಕೊಡುತ್ತಿದ್ದ ಜಿಎಸ್‌ಟಿ ಪರಿಹಾರ 2022ರ ಜೂನ್‌ಗೆ ಮುಗಿಯಿತು. ರಾಜ್ಯದ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಪರೋಕ್ಷ ತೆರಿಗೆಗೆ ಕಣ್ಣಿಲ್ಲ. ಗೋಕುಲ ರಸ್ತೆಯ ಉದ್ಯಮಿಯೂ ಹಳೇ ಹುಬ್ಬಳ್ಳಿಯ ಬಾಡಿಗೆ ಚಾಲಕನೂ ಲೀಟರಿಗೆ ಒಂದೇ ತೆರಿಗೆ ಕೊಡುತ್ತಾರೆ. 1930ರಲ್ಲಿ ನಮ್ಮ ನೆರೆಯ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹಕ್ಕೆ ಸಮುದ್ರತೀರಕ್ಕೆ ಇಳಿದದ್ದರ ಹಿಂದೆಯೂ ಇದೇ ಪ್ರಶ್ನೆಯಿತ್ತು. ಬಡವ ಬಿಡಲಾಗದ ವಸ್ತುವಿನ ಮೇಲೆ ತೆರಿಗೆ ಹಾಕುವುದು ಸುಲಭ, ಆದರೆ ಅದು ನ್ಯಾಯವೇ? ಹದಿನಾಲ್ಕನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ, ತೆರಿಗೆಯ ಭಾರ ಹೆಚ್ಚಾದಂತೆ ಜನರಿಗೆ ದುಡಿಯುವ ಉತ್ಸಾಹವೇ ಕುಗ್ಗಿ ಕೊನೆಗೆ ಖಜಾನೆಯೂ ಸೊರಗುತ್ತದೆಂಬ ಅಭಿಪ್ರಾಯವನ್ನು ಮುಂದಿಟ್ಟಿದ್ದರು. ಆಳುವವರು ಇದನ್ನು ಓದಬೇಕು.

ಇನ್ನು ನಮ್ಮದೇ ಮನೆಯ ಮಾತು. 2006ರ ಸಾಚಾರ್ ಸಮಿತಿ ವರದಿಯು ಮುಸ್ಲಿಮರಲ್ಲಿ ಸಂಬಳದ ಉದ್ಯೋಗಕ್ಕಿಂತ ಸ್ವಂತ ದುಡಿಮೆಯ ಪಾಲು ಹೆಚ್ಚೆಂದು, ಅವರಿಗೆ ಬ್ಯಾಂಕ್ ಸಾಲ ದೊರೆಯುವುದು ಕಡಿಮೆಯೆಂದು ತೋರಿಸಿತ್ತು. ಹತ್ತನೇ ತರಗತಿ ಮುಗಿಯುವ ಮೊದಲೇ ಸ್ಟೇರಿಂಗ್ ಹಿಡಿದ ಹುಡುಗರು ನಮ್ಮ ಗಲ್ಲಿಗಳಲ್ಲಿ ಎಷ್ಟಿಲ್ಲ? ದುಡಿಮೆ ಗೌರವದ್ದೇ. ಆದರೆ ಲೆಕ್ಕ ಬರೆಯದ ದುಡಿಮೆ ಯಾವ ಅಧಿಕಾರಿಯ ಮುಂದೆಯೂ ಮಾತನಾಡದು. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೊಂದು ಗಾಬರಿಯಾಯಿತು! ತರಕಾರಿ ಮಾರುವವರಿಗೂ ನೋಟಿಸು ಹೋಗಿತ್ತು. ತೆರಿಗೆಯೇ ಇಲ್ಲದ ಸರಕಿಗೆ ತೆರಿಗೆ ಹೇಗೆ ಎಂಬ ಪ್ರಶ್ನೆಗೆ, ಬರೆದಿಟ್ಟ ಲೆಕ್ಕವಿದ್ದವನು ಧೈರ್ಯದಿಂದ ಉತ್ತರಿಸಬಲ್ಲ. ಇಲ್ಲದವನು ಮಧ್ಯವರ್ತಿಯ ಬಾಗಿಲು ಕಾಯುತ್ತಾನೆ.

ಆದ್ದರಿಂದ ಮೂರು ಮಾತು. ಒಂದು, ಇಂದಿನಿಂದಲೇ ಪ್ರತಿಯೊಬ್ಬರೂ ಒಂದು ಡೈರಿ ಇಡಿ. ಎಷ್ಟು ಕಿಲೋಮೀಟರ್, ಎಷ್ಟು ಲೀಟರ್, ಎಷ್ಟು ಬಾಡಿಗೆ ಎಂಬುದನ್ನು ಬರೆಯಿರಿ. ಬಂಕಿನ ರಶೀದಿ ಎಸೆಯಬೇಡಿ. ಎರಡು, ಇಂಧನ ದರ ಇಂತಿಷ್ಟು ಏರಿದರೆ ಬಾಡಿಗೆ ದರವೂ ತಾನಾಗಿ ಪರಿಷ್ಕರಣೆಯಾಗಬೇಕು ಎಂಬ ಒಂದೇ ಬೇಡಿಕೆಯನ್ನು ಆ ಡೈರಿಗಳ ಆಧಾರದಲ್ಲಿ ಜಿಲ್ಲಾಧಿಕಾರಿಗಳ ಮುಂದಿಡಿ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ ಏರಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿ ಸರಕಾರವನ್ನು ಮಾತುಕತೆಗೆ ಕರೆತಂದರು. ಒಂಟಿ ಕಾರಿನ ಮಾಲೀಕ ಒಂಟಿಯಾಗಿ ಏನು ಮಾಡಿಯಾನು? ಮೂರು, ಸಹಕಾರ ಸಂಘ ಕಟ್ಟಿ. ಟಯರು, ಎಣ್ಣೆ, ಬಿಡಿಭಾಗಗಳನ್ನು ಒಟ್ಟಾಗಿ ಖರೀದಿಸಿದರೆ ಬೆಲೆ ಇಳಿಯುತ್ತದೆ, ನೋಂದಣಿ ಮತ್ತು ಲೆಕ್ಕಪತ್ರದ ಖರ್ಚು ಹಂಚಿಹೋಗುತ್ತದೆ. ನಮ್ಮ ದೇಶದ ಕೃಷಿ ಸಹಕಾರ ಚಳವಳಿ 1905ರಲ್ಲಿ ಕಣ್ಣು ತೆರೆದದ್ದು ಇಲ್ಲೇ ಗದಗಿನ ಬಳಿಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ. ಅಂದು ರೈತರಿಂದ ಸಾಧ್ಯವಾದುದು ಇಂದು ಚಾಲಕರಿಂದ ಯಾಕೆ ಸಾಧ್ಯವಿಲ್ಲ? ಆ ಸಂಘಕ್ಕೆ ಜಾತಿ ಧರ್ಮಗಳ ಗೋಡೆ ಬೇಡ. ಸ್ಟ್ಯಾಂಡಿನಲ್ಲಿ ಒಂದೇ ಸರದಿಯಲ್ಲಿ ನಿಲ್ಲುವವರು ಒಂದೇ ಸಂಘದಲ್ಲೂ ಕೂರಬಲ್ಲರು.

ಸಭೆ ಮುಗಿಸಿ ಹೋಗುವಾಗ ನಿಮ್ಮಲ್ಲಿ ಹಲವರು ಬಂಕಿಗೆ ಹೋಗುವಿರಿ. ರಶೀದಿ ಕೇಳಿ ಪಡೆಯಿರಿ. ನೀವು ಈ ರಾಜ್ಯದ ತೆರಿಗೆದಾರರೆಂಬುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷ್ಯ ಅದೊಂದೇ. ನಾಳೆ ಯಾವ ಕಚೇರಿಗೆ ಹೋದರೂ ಅದನ್ನು ಕೈಯಲ್ಲಿ ಹಿಡಿದು, ತಲೆಯೆತ್ತಿ ಮಾತನಾಡಿ.