ಪರೇಲಿನಿಂದ ಕಾಂಜೂರ್‌ಮಾರ್ಗದವರೆಗೆ: ಮುಂಬಯಿಯ ಲಸಿಕೆ ಸರಬರಾಜು

ಲಸಿಕೆಯ ಸರಬರಾಜು ಜಾಲವೆಂದರೆ ಕಚ್ಚಾಪದಾರ್ಥದಿಂದ ತೋಳಿಗೆ ಚುಚ್ಚುವ ಸೂಜಿಯವರೆಗಿನ ಇಡೀ ವ್ಯವಸ್ಥೆ. ಸಾಂಕ್ರಾಮಿಕದ ಕಾಲದಲ್ಲಿ ಅದು ಎಷ್ಟು ಪೆಟ್ಟು ತಾಳೀತು ಎಂಬುದನ್ನು ಸಾಮಾನ್ಯವಾಗಿ ಶೀತಲ ಸಂಗ್ರಹ ಮತ್ತು ಸಾಗಣೆಯ ಪ್ರಶ್ನೆಯಾಗಿ ನೋಡಲಾಗುತ್ತದೆ. ಆದರೆ ಮುಂಬಯಿಯಲ್ಲಿ ಜಾಲ ಕಡಿದದ್ದು ಮೂಲದಲ್ಲಿ, ತಯಾರಿಕೆಯ ಹಂತದಲ್ಲಿ.

1896ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ನಗರಕ್ಕೆ ಬಂದ ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೆಲವೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ಆತನ ವಿಧಾನ ಗಮನಾರ್ಹವಾದುದು. ಆಡಿನ ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ಅವುಗಳ ಅಡಿಯಿಂದ ರೋಗಾಣುಗಳು ಆಲದ ಬಿಳಲುಗಳಂತೆ ಇಳಿದು ಬೆಳೆಯುತ್ತಿದ್ದವು. ಹಾಗೆ ಬೆಳೆದುದನ್ನು ಕಾಯಿಸಿ, ರೋಗಾಣುಗಳನ್ನು ಕೊಂದು, ಆ ದ್ರಾವಣವನ್ನೇ ಚುಚ್ಚಲಾಗುತ್ತಿತ್ತು. ತುಪ್ಪ, ಆಡಿನ ಮಾಂಸಗಳಿಗೆ ಮುಂಬಯಿ ಹಡಗಿನ ದಾರಿ ಕಾಯಬೇಕಾಗಿರಲಿಲ್ಲ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳಲ್ಲಿ 1898ರಲ್ಲಿ ಸಾವಿರಾರು ಜನರಿಗೆ ಈ ಲಸಿಕೆ ಹಾಕಲಾಯಿತು. 1899ರಲ್ಲಿ ಪ್ರಯೋಗಾಲಯವು ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದು, 1925ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರು ಪಡೆಯಿತು. ಒಂದೇ ಮೂಲವನ್ನು ನಂಬುವುದರ ಅಪಾಯವೂ ಇಲ್ಲಿಯೇ ಪ್ರಕಟವಾಯಿತು: 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತಾಗ, ಆರೋಪ ಪರೇಲಿನ ಮೇಲೆಯೇ ಬಂದಿತು. ಹಾಫ್‌ಕಿನ್ ನಿರ್ದೋಷಿಯೆಂದು 1907ರಲ್ಲಿ ಒಪ್ಪಿಕೊಳ್ಳಲಾಯಿತಾದರೂ, ಅಷ್ಟರಲ್ಲಿ ಆತನಿಗೆ ಆದ ಅನ್ಯಾಯ ಸಣ್ಣದಾಗಿರಲಿಲ್ಲ.

ಶತಮಾನದ ಮೇಲೆ ಕೋವಿಡ್ ಸಾಂಕ್ರಾಮಿಕದಲ್ಲೂ ನಗರ ಒಂದೇ ಮೂಲವನ್ನು ನೆಚ್ಚಿಕೊಂಡಿತು. 2021ರ ಜನವರಿಯಲ್ಲಿ ಪುಣೆಯ ಸೀರಮ್ ಸಂಸ್ಥೆಯಿಂದ ಕೋವಿಶೀಲ್ಡ್ ಲಸಿಕೆ ರಸ್ತೆಯ ಮೂಲಕವೇ ಮುಂಬಯಿಗೆ ಬಂದಿತು. ಮಹಾನಗರಪಾಲಿಕೆಯು ಕಾಂಜೂರ್‌ಮಾರ್ಗದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಉಗ್ರಾಣವನ್ನು ಅಣಿಗೊಳಿಸಿತ್ತು. ಹತ್ತು ಡೋಸಿನ ಸೀಸೆಯನ್ನು ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಾದುದರಿಂದ, ಸಂಜೆಯ ಹೊತ್ತಿಗೆ ಬಂದ ಇಬ್ಬರಿಗಾಗಿ ಹೊಸ ಸೀಸೆ ತೆರೆಯಬೇಕೋ ಬೇಡವೋ ಎಂಬುದನ್ನು ಲಸಿಕೆ ಹಾಕುವ ದಾದಿಯೇ ತೂಗಿ ನೋಡಬೇಕಾಗಿತ್ತು. ಇಷ್ಟು ಎಚ್ಚರದಿಂದ ನಡೆದ ಕೊನೆಯ ಹಂತಕ್ಕೆ ಏಪ್ರಿಲ್‌ನಲ್ಲಿ ಲಸಿಕೆಯೇ ಇಲ್ಲವಾಯಿತು. ಪುಣೆಯ ಉತ್ಪಾದನೆ ಸಾಲದಾಯಿತು; ಬೇಡಿಕೆಯೋ ಏರುತ್ತಲೇ ಇತ್ತು. ಏಪ್ರಿಲ್ 30ರಿಂದ ಮೂರು ದಿನ ನಗರದಲ್ಲಿ ಲಸಿಕೆ ಹಾಕುವುದು ಬಹುತೇಕ ನಿಂತಿತು. ಮೇ ತಿಂಗಳಲ್ಲಿ ಪಾಲಿಕೆಯು ಒಂದು ಕೋಟಿ ಡೋಸಿಗಾಗಿ ಜಾಗತಿಕ ಆಸಕ್ತಿಪತ್ರ ಕರೆದರೂ, ಭರವಸೆಯ ಪೂರೈಕೆದಾರರು ದೊರೆಯದೆ ಆ ಪ್ರಯತ್ನವನ್ನು ಕೈಬಿಡಬೇಕಾಯಿತು. ಹಣವಿದ್ದರೂ ಸರದಿಯಲ್ಲಿ ತಡವಾಗಿ ನಿಂತವರಿಗೆ ಮಾರುಕಟ್ಟೆ ಸ್ಪಂದಿಸುವುದಿಲ್ಲ.

ಅದೇ ಏಪ್ರಿಲ್‌ನಲ್ಲಿ, ಪರೇಲಿನ ಹಾಫ್‌ಕಿನ್ ಸಂಸ್ಥೆಯಿಂದಲೇ ಹುಟ್ಟಿದ ಹಾಫ್‌ಕಿನ್ ಬಯೋ-ಫಾರ್ಮಾಗೆ ಇನ್ನೊಂದು ಕೋವಿಡ್ ಲಸಿಕೆಯಾದ ಕೋವ್ಯಾಕ್ಸಿನ್ ತಯಾರಿಸಲು ಕೇಂದ್ರದ ಒಪ್ಪಿಗೆ ಸಿಕ್ಕಿತು. ಪೋಲಿಯೊ ಲಸಿಕೆಯಲ್ಲಿ ಪಳಗಿದ ಈ ಸಾರ್ವಜನಿಕ ಸಂಸ್ಥೆಗೆ ಕೌಶಲ್ಯದ ಕೊರತೆಯಿರಲಿಲ್ಲ. ಆದರೆ ಕೋವ್ಯಾಕ್ಸಿನ್‌ಗೆ ಜೀವಂತ ವೈರಾಣುವನ್ನು ಬೆಳೆಸಿ ಆಮೇಲೆ ನಿಷ್ಕ್ರಿಯಗೊಳಿಸಬೇಕು, ಅದಕ್ಕೆ ಗಾಳಿಯೂ ಶೋಧನೆಯಾಗದೆ ಹೊರಬೀಳದಂತೆ ಕಾಯುವ ಮೂರನೆಯ ಹಂತದ ಜೈವಿಕ ಸುರಕ್ಷತೆಯ ಕಟ್ಟಡ ಬೇಕು, ಅಂಥದ್ದನ್ನು ಹೆಣಗಳು ಉರುಳುತ್ತಿದ್ದ ತಿಂಗಳಲ್ಲಿ ಎಬ್ಬಿಸಲು ಯಾರಿಂದಲೂ ಆಗದು. ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ಪರೇಲಿನಿಂದ ಒಂದು ಸೀಸೆಯೂ ಹೊರಬರಲಿಲ್ಲ. ವರ್ಷದ ಉತ್ತರಾರ್ಧದಲ್ಲಿ ಕೊರತೆ ನೀಗಿದ್ದು ಮುಖ್ಯವಾಗಿ ಪುಣೆಯ ಉತ್ಪಾದನೆ ಹೆಚ್ಚಿದ್ದರಿಂದ, ಅಂದರೆ ಅದೇ ಒಂದು ಮೂಲದಿಂದ.