ಕಲಾವಿದನ ಕೈ ಮತ್ತು ಅಂಗೈಯ ಪರದೆ

(ಯಾವಗಲ್‌ನಲ್ಲಿ ಯುವ ಕಲಾವಿದರನ್ನೂ ಅವರ ಕುಟುಂಬದವರನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)



ಕಲೆಯನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡವರು ಪರದೆಯ ಮುಂದೆ ಕಳೆಯುವ ಸಮಯಕ್ಕೂ ಕಲೆಯ ಕೆಲಸಕ್ಕೂ ನಡುವೆ ಸಮತೋಲನವನ್ನು ಹೇಗೆ ಕಾಪಾಡಬೇಕು ಎಂಬುದು ಇಂದು ನಮಗೆ ವಹಿಸಲಾದ ವಿಷಯ. 'ಪರದೆ' ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಸಭೆಗಳಲ್ಲಿ ಬೇರೆಯೇ ಚರ್ಚೆ ಆರಂಭವಾಗುವುದುಂಟು. ಇಂದು ನಾವು ಮಾತನಾಡಬೇಕಾಗಿರುವುದು ಆ ಪರದೆಯ ಕುರಿತಲ್ಲ, ಅಂಗೈಯಗಲದ ಗಾಜಿನ ಪರದೆಯ ಕುರಿತು.

ಮೊಬೈಲಿನ ಕೆಡುಕುಗಳ ಬಗ್ಗೆ ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಅದನ್ನು ಬದಿಗಿಡಿರಿ ಎಂಬ ಉಪದೇಶವನ್ನು ವಿದ್ಯಾರ್ಥಿಗೆ ಕೊಡಬಹುದು. ಸ್ವಂತ ದುಡಿಮೆಯ ಕಲಾವಿದನಿಗೆ ಅದನ್ನು ಕೊಡುವುದು ಅನ್ಯಾಯ. ಮೆಹಂದಿ ಹಾಕುವ ಸಹೋದರಿಗೆ ಮದುವೆ ಮನೆಯ ಕೆಲಸ ಬರುವುದು ವಾಟ್ಸಾಪ್ ಮೂಲಕ. ಶಾಲೆಯ ಗೋಡೆಗೆ ಚಿತ್ರ ಬರೆಯುವವನು ತನ್ನ ಹಿಂದಿನ ಕೆಲಸವನ್ನು ತೋರಿಸಬೇಕಾದರೆ ಮೊಬೈಲಿನ ಚಿತ್ರಗಳನ್ನೇ ತೋರಿಸಬೇಕು. ಬಣ್ಣ, ಕಾಗದ, ಕುಂಚಗಳನ್ನು ತರಿಸಿಕೊಳ್ಳುವುದೂ ಈಗ ಅದರ ಮೂಲಕವೇ. ಇಂತಹವರಿಂದ ಮೊಬೈಲನ್ನು ಕಸಿದುಕೊಳ್ಳುವುದೆಂದರೆ ಕಿರಾಣಿ ಅಂಗಡಿಯ ಬಾಗಿಲಿಗೆ ಬೀಗ ಜಡಿದಂತೆ.

ಆದರೆ ದಿನವಿಡೀ ಬಾಗಿಲಲ್ಲೇ ನಿಂತು ಗಿರಾಕಿಗಳ ದಾರಿ ಕಾಯುವವನು ಒಳಗೆ ಸರಕು ತುಂಬುವುದು ಯಾವಾಗ? ಮೊಬೈಲು ಕಲಾವಿದನ ಅಂಗಡಿಯ ಬಾಗಿಲು, ಅವನ ಕೆಲಸದ ಕೋಣೆಯಲ್ಲ. ಇವೆರಡರ ವ್ಯತ್ಯಾಸ ಮರೆತಾಗ ಏನಾಗುತ್ತದೆಂಬುದನ್ನು ನಾವು ನಿತ್ಯ ಕಾಣುತ್ತಿದ್ದೇವೆ. ಬೆಳಿಗ್ಗೆ ಕುಂಚ ಹಿಡಿಯಬೇಕಾದ ತರುಣ ನಿನ್ನೆಯ ಚಿತ್ರಕ್ಕೆ ಎಷ್ಟು ಮೆಚ್ಚುಗೆ ಬಂದಿದೆಯೆಂದು ನೋಡಲು ಕೂರುತ್ತಾನೆ. ಮೆಚ್ಚುಗೆ ಬಂದಿದ್ದರೆ ಅಂತಹುದೇ ಇನ್ನೊಂದನ್ನು ಬರೆಯುತ್ತಾನೆ, ಬಾರದಿದ್ದರೆ ಮಂಕಾಗಿ ಇತರರ ಚಿತ್ರಗಳನ್ನು ನೋಡುತ್ತಾ ಹೋಗುತ್ತಾನೆ. ತಲೆಯೆತ್ತುವಷ್ಟರಲ್ಲಿ ಲುಹರ್‌ನ ಅಝಾನ್ ಕೇಳಿಸುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಈ ಭಾಗಕ್ಕೆ ಕೈಗಸುಬು ಹೊಸದಲ್ಲ. ಗಜೇಂದ್ರಗಡದ ಮಗ್ಗಗಳನ್ನೂ ಪಟ್ಟೆದಂಚು ಸೀರೆಯನ್ನೂ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಎರಡು ದಶಕಗಳ ಹಿಂದಿನವರೆಗೆ ಅಂಗಡಿಯ ಬೋರ್ಡು, ಟ್ರ್ಯಾಕ್ಟರಿನ ಹಿಂಭಾಗ, ಶಾಲೆಯ ಗೋಡೆಯ ನಕಾಶೆ, ಚುನಾವಣೆಯ ಗೋಡೆ ಬರಹ ಇವೆಲ್ಲವೂ ಕೈಯಿಂದಲೇ ಆಗುತ್ತಿದ್ದವು. ಊರಿಗೊಬ್ಬ ಪೇಂಟರ್ ಇರುತ್ತಿದ್ದ. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅವನ ಹೆಸರಿರುತ್ತಿತ್ತು, ಅವನ ಜಾಹೀರಾತು ಅಷ್ಟೇ. ಅನಂತರ ಫ್ಲೆಕ್ಸ್ ಬಂದಿತು. ಎರಡು ದಿನದ ಕೆಲಸ ಒಂದು ತಾಸಿಗಿಳಿಯಿತು. ರಾಜ್ಯ ಸರಕಾರ 2016ರಲ್ಲಿ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸನ್ನೂ ಸೇರಿಸಿತು. 2018ರಲ್ಲಿ ಹೈಕೋರ್ಟಿನ ಚಾಟಿಯೇಟಿಗೆ ಬೆಂಗಳೂರಿನ ಫ್ಲೆಕ್ಸುಗಳು ಬೀದಿಯಿಂದ ಕೆಳಗಿಳಿದವು. ನಮ್ಮ ಊರುಗಳ ವೃತ್ತಗಳಲ್ಲಿ ನಾಯಕರ ಹುಟ್ಟುಹಬ್ಬಕ್ಕೆ ಅವು ಇಂದಿಗೂ ಏಳುತ್ತಲೇ ಇವೆಯೆಂಬುದು ಬೇರೆ ಮಾತು.

ಉರ್ದುವಿನ ಕಾತಿಬರಿಗೆ ಇದೇ ಹೊಡೆತ ಒಂದು ದಶಕ ಮೊದಲೇ ಬಿದ್ದಿತ್ತು. ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹದಿಂದಲೇ ಅಚ್ಚಾಗುತ್ತಿದ್ದವು. 1981ರಲ್ಲಿ ಮಿರ್ಝಾ ಅಹ್ಮದ್ ಜಮೀಲ್‌ರ ನೂರಿ ನಸ್ತಾಲೀಕ್ ಬಂದಿತು. 1994ರಲ್ಲಿ ಇನ್‌ಪೇಜ್ ಬಂದ ಬಳಿಕ ಕಾತಿಬರು ಒಬ್ಬೊಬ್ಬರಾಗಿ ಮನೆಗೆ ಮರಳಿದರು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಜಮೀಲ್ ಸ್ವತಃ ಕೈಬರಹಗಾರರು. ಕಂಪ್ಯೂಟರಿಗಾಗಿ ಅವರು ಸಾವಿರಾರು ಅಕ್ಷರಜೋಡಣೆಗಳನ್ನು ಮೊದಲು ಕೈಯಿಂದಲೇ ಬರೆದರು. ಇಂದು ನಾವು ಪರದೆಯ ಮೇಲೆ ಕಾಣುವ ಉರ್ದು ಅಕ್ಷರದ ಚೆಲುವು ಒಂದು ಕೈಯ ತಪಸ್ಸಿನ ಫಲ. ಪರದೆಯು ಆ ಕೈಯಿಂದ ಎರವಲು ಪಡೆಯಿತು, ಆದರೆ ಇತರ ಕೈಗಳ ಅನ್ನವನ್ನು ಕಸಿದುಕೊಂಡಿತು.

ಹಾಗೆ ಅನ್ನ ಕಳೆದುಕೊಂಡವರಲ್ಲಿ ಮುಖ್ತಾರ್ ಅಹ್ಮದ್ ಕೂಡ ಒಬ್ಬರು. ತೆಲಂಗಾಣದಿಂದ ಬೆಂಗಳೂರಿಗೆ ಬಂದು ಉರ್ದು ಪತ್ರಿಕೆಯಲ್ಲಿ ಕಾತಿಬರಾಗಿದ್ದರು. ಕಂಪ್ಯೂಟರ್ ಬಂದಾಗ ಆ ಕೆಲಸ ಹೋಯಿತು. ಸ್ವಂತ ದುಡಿಮೆಗೆ ಇಳಿಯಬೇಕಾಯಿತು. ಲೇಖನಿಯನ್ನು ಮಾತ್ರ ಬಿಡಲಿಲ್ಲ. ದೂರದೇಶದಲ್ಲಿದ್ದ ಗುರುಗಳಿಂದ ಅರಬಿ ಬರಹದ ಶಾಸ್ತ್ರೀಯ ಶೈಲಿಗಳನ್ನು ವರ್ಷಗಟ್ಟಲೆ ಕಲಿತರು. 2013ರಲ್ಲಿ ಇಸ್ತಾಂಬುಲ್‌ನ ಇಸ್ಲಾಮೀ ಇತಿಹಾಸ, ಕಲೆ ಮತ್ತು ಸಂಸ್ಕೃತಿಯ ಸಂಶೋಧನಾ ಕೇಂದ್ರದಿಂದ ಇಜಾಝತ್ ಪಡೆದರು. ಬೆಂಗಳೂರಿನಲ್ಲಿ ಎಷ್ಟೋ ಶಿಷ್ಯರಿಗೆ ಆ ವಿದ್ಯೆಯನ್ನು ಕಲಿಸಿದ್ದಾರೆ.

ಇಜಾಝತ್ ಎಂಬ ಈ ಪದದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಆ ಪರಂಪರೆಯಲ್ಲಿ ಶಿಷ್ಯನ ಮೊದಲ ಪಾಠವೇ ಪ್ರಾರ್ಥನೆಯ ಒಂದು ಸಾಲು. ಅದೊಂದನ್ನೇ ಆತ ಬಹುಕಾಲ ಬರೆಯಬೇಕು. ಅಕ್ಷರದ ಎತ್ತರ, ಅಗಲಗಳನ್ನು ಅಳೆಯುವುದು ಲೇಖನಿಯ ತುದಿಯಿಂದಲೇ ಇಟ್ಟ ಚುಕ್ಕೆಗಳಿಂದ. ಹತ್ತನೆಯ ಶತಮಾನದ ಬಗ್ದಾದಿನ ಇಬ್ನು ಮುಕ್ಲಾರ ಹೆಸರಿನೊಂದಿಗೆ ಬಂದ ಪದ್ಧತಿಯಿದು. ಗುರು ತಿದ್ದುತ್ತಾನೆ, ಶಿಷ್ಯ ಮತ್ತೆ ಬರೆಯುತ್ತಾನೆ. ಇಜಾಝತ್ ದೊರೆಯುವವರೆಗೆ ಶಿಷ್ಯನು ತನ್ನ ಬರಹದ ಕೆಳಗೆ ಸ್ವಂತ ಹೆಸರು ಹಾಕುವಂತಿಲ್ಲ! ಇಂದಿನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಬಣ್ಣ ಆರುವ ಮೊದಲೇ ಚಿತ್ರ ಜಗತ್ತಿನ ಮುಂದಿರುತ್ತದೆ. ತಿದ್ದುವ ಗುರುವಿನ ಜಾಗದಲ್ಲಿ ಹೆಬ್ಬೆರಳಿನಿಂದ ಒಂದು ಕ್ಷಣ ಒತ್ತಿ ಮುಂದೆ ಸಾಗುವ ಸಾವಿರ ಅಪರಿಚಿತರಿದ್ದಾರೆ. ಅವರ ಮೆಚ್ಚುಗೆಯಿಂದ ಹಾನಿಯಿಲ್ಲ, ಆದರೆ ಅದರಿಂದ ಅಲಿಫ್‌ನ ವಾರೆ ನೇರವಾಗದು. ವಿಜಾಪುರದ ಇಬ್ರಾಹೀಮ್ ರೋಜಾಕ್ಕೆ ನಿಮ್ಮಲ್ಲಿ ಬಹುತೇಕರು ಶಾಲಾ ಪ್ರವಾಸದಲ್ಲಿ ಹೋಗಿರುತ್ತೀರಿ. ಅಲ್ಲಿ ಅಕ್ಷರಗಳನ್ನೇ ಕೊರೆದು ಕಿಟಕಿಯ ಜಾಲಂಧ್ರ ಮಾಡಿದ್ದಾರೆ, ಬೆಳಕು ಅಕ್ಷರದ ಸಂದಿನಿಂದ ಒಳಬರುತ್ತದೆ. ಅಂತಹ ಕೆಲಸವನ್ನು ಅರ್ಧ ಗಂಟೆಗೊಮ್ಮೆ ಎದ್ದು ಹೋಗುವ ಮನಸ್ಸು ಮಾಡಲಾರದು.

ಹಾಗಾದರೆ ಪರದೆಗೆ ಎಷ್ಟು ಜಾಗ ಕೊಡಬೇಕು? ಚೆನ್ನೈನ 'ದಿ ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆ ಇದಕ್ಕೆ ಒಂದು ಸುಂದರ ಉತ್ತರವನ್ನು ಕೊಡುತ್ತದೆ. 1927ರಲ್ಲಿ ಆರಂಭವಾದ ಈ ಪತ್ರಿಕೆ ಇತರರು ಕಂಪ್ಯೂಟರಿಗೆ ಹೋದ ಬಳಿಕವೂ ಬಹುಕಾಲ ಕೈಬರಹದಲ್ಲೇ ಹೊರಬಂದಿತು. ನಾಲ್ಕು ಪುಟಗಳನ್ನು ಕಾತಿಬರು ಬರೆಯುತ್ತಿದ್ದರು. ಬರೆಯುವುದು ನಿಧಾನದ ಕೆಲಸ, ಸುದ್ದಿಯೋ ಕಾಯುವುದಿಲ್ಲ. ಆದ್ದರಿಂದ ತಡವಾಗಿ ಬರುವ ಸುದ್ದಿಗಾಗಿ ಮುಖಪುಟದಲ್ಲಿ ಒಂದು ಮೂಲೆಯನ್ನು ಖಾಲಿ ಬಿಡುತ್ತಿದ್ದರು. ಸುದ್ದಿ ಬಂದರೆ ಅದು ಆ ಮೂಲೆಗೆ ಸೇರುತ್ತಿತ್ತು, ಉಳಿದ ಪುಟ ಕದಲುತ್ತಿರಲಿಲ್ಲ. ದಿನದಲ್ಲಿ ಪರದೆಗಾಗಿ ಒಂದು ಮೂಲೆಯನ್ನು ಹೀಗೆ ಖಾಲಿ ಬಿಡಿರಿ. ಅದು ಇಡೀ ಪುಟವನ್ನು ತಿನ್ನಲು ಬಿಡಬೇಡಿರಿ.

ಸರಕಾರಿ ನೌಕರನಿಗೆ ಕಚೇರಿಯ ಗಂಟೆಯಿದೆ. ಸ್ವಂತ ದುಡಿಮೆಯವನಿಗೆ ಗಂಟೆ ಬಾರಿಸುವವರಿಲ್ಲ. ಆದರೆ ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಬಾರಿ ಸಮಯವನ್ನು ಸಾರಿ ಹೇಳುವ ವ್ಯವಸ್ಥೆ ಮೊದಲೇ ಇದೆಯಲ್ಲವೇ? ಫಜ್ರ್‌ನಿಂದ ಲುಹರ್‌ವರೆಗೆ ಕೈಯ ಕೆಲಸ, ಮೊಬೈಲು ಬೇರೆ ಕೋಣೆಯಲ್ಲಿ. ಲುಹರ್‌ನ ಬಳಿಕ ಒಂದು ತಾಸು ಗಿರಾಕಿಗಳಿಗೆ ಉತ್ತರ. ಅಸರ್‌ನಿಂದ ಮಗ್ರಿಬ್‌ವರೆಗೆ ಮತ್ತೆ ಕೆಲಸ. ಇಶಾದ ಬಳಿಕ ಅರ್ಧ ತಾಸು ಬೇಕಾದರೆ ಹೊಸ ಚಿತ್ರ ಹಾಕಿರಿ. ಇದು ಒಂದು ಮಾದರಿ ಮಾತ್ರ. ಮೆಹಂದಿಯ ಕೆಲಸದವರಿಗೆ ಸಂಜೆ, ರಾತ್ರಿಗಳೇ ಮುಖ್ಯ, ಅವರು ತಿರುವುಮುರುವು ಮಾಡಿಕೊಳ್ಳಬೇಕು. ವಾಟ್ಸಾಪ್‌ನ ವ್ಯಾಪಾರಿ ಆವೃತ್ತಿಯಲ್ಲಿ ಕೆಲಸದ ವೇಳೆಯನ್ನು ತಿಳಿಸುವ ಮತ್ತು ನೀವಿಲ್ಲದಾಗ ತಾನಾಗಿಯೇ ಉತ್ತರ ಕಳುಹಿಸುವ ಅನುಕೂಲವಿದೆ. ಈಗ ಕೆಲಸದಲ್ಲಿದ್ದೇವೆ, ಎರಡು ಗಂಟೆಗೆ ಉತ್ತರಿಸುತ್ತೇವೆ ಎಂದು ಒಮ್ಮೆ ಬರೆದಿಟ್ಟರೆ ಸಾಕು. ಉತ್ತರ ತಡವಾದರೆ ಗಿರಾಕಿ ಓಡಿಹೋಗುತ್ತಾನೆಂಬ ಭಯ ಅನೇಕರಿಗಿದೆ. ಒಪ್ಪಿದ ದಿನಕ್ಕೆ ಕೆಲಸ ಮುಗಿಸಿಕೊಡದಿದ್ದರೆ ಓಡಿಹೋಗುವವರ ಸಂಖ್ಯೆ ಅದಕ್ಕಿಂತ ದೊಡ್ಡದು.

ಕಣ್ಣಿನ ಕುರಿತು ಎರಡು ಮಾತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ಯಾವಗಲ್‌ನಲ್ಲಿ ಇದಕ್ಕೆ ಕಷ್ಟಪಡಬೇಕಾಗಿಲ್ಲ, ಬಾಗಿಲು ತೆರೆದರೆ ದಿಗಂತದವರೆಗೆ ಎರೆಹೊಲ. ಇನ್ನೊಂದು ತೊಂದರೆ ಕಲಾವಿದನಿಗೆ ಮಾತ್ರ ಸಂಬಂಧಿಸಿದ್ದು. ಪರದೆಯ ಬಣ್ಣ ಬೆಳಕಿನಿಂದಾದುದು, ಕಾಗದದ ಬಣ್ಣ ಬೆಳಕನ್ನು ಹೀರಿ ಉಳಿದುದನ್ನು ತೋರಿಸುವಂಥದು. ಹಗಲೆಲ್ಲ ಪರದೆ ನೋಡಿದ ಕಣ್ಣಿಗೆ ತನ್ನದೇ ಹಾಳೆ ಮಂಕಾಗಿ ಕಾಣುತ್ತದೆ. ತಪ್ಪು ಹಾಳೆಯದಲ್ಲ.

ವೀಡಿಯೊದ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಕಠಿಣ. ನಾಲ್ಕು ತಾಸಿನ ಕೆಲಸವನ್ನು ವೇಗವಾಗಿ ಓಡಿಸಿ ಅರ್ಧ ನಿಮಿಷದಲ್ಲಿ ತೋರಿಸುವುದು ಈಗಿನ ರೂಢಿ. ನೋಡಿದವನ ಮನಸ್ಸಿನಲ್ಲಿ ಉಳಿಯುವುದು ಆ ಅರ್ಧ ನಿಮಿಷವೇ. ಮರುದಿನ ಆತ ಬಂದು, ಇಷ್ಟಕ್ಕೆ ಇಷ್ಟೊಂದು ಹಣವೇ ಎಂದು ಚೌಕಾಸಿಗಿಳಿದರೆ ಆ ಪಾಠ ಕಲಿಸಿದವರು ನಾವೇ. ತೋರಿಸುವುದಿದ್ದರೆ ಎಷ್ಟು ತಾಸು ಹಿಡಿಯಿತೆಂಬುದನ್ನೂ ಬರೆಯಿರಿ.

ಮತ್ತೊಂದು ಎಚ್ಚರಿಕೆ. 2020ರ ಜೂನ್ 29ರಂದು ಕೇಂದ್ರ ಸರಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅವುಗಳಲ್ಲೊಂದು. ಆ ನಿರ್ಧಾರದ ರಾಜಕೀಯ ಇಂದಿನ ವಿಷಯವಲ್ಲ. ಆದರೆ ವರ್ಷಗಟ್ಟಲೆ ಬೆವರು ಸುರಿಸಿ ಅಲ್ಲಿ ನೋಡುಗರನ್ನು ಗಳಿಸಿದ್ದ ಸಣ್ಣ ಊರುಗಳ ಕಲಾವಿದರು ಒಂದೇ ರಾತ್ರಿಯಲ್ಲಿ ಬರಿಗೈಯವರಾದರು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಮ್ ಅದೇ ಬಗೆಯ ಸೌಲಭ್ಯ ತೆರೆಯಿತು, ಎಲ್ಲರೂ ಅಲ್ಲಿಗೆ ಗುಳೆ ಹೋದರು. ಲಾವಣಿಗೆ ಹಿಡಿದ ಹೊಲದಲ್ಲಿ ಯಾವ ರೈತನೂ ಬಾವಿ ತೋಡಿಸುವುದಿಲ್ಲ. ಇವೆಲ್ಲ ಲಾವಣಿಯ ಹೊಲಗಳು. ಬೆಳೆ ತೆಗೆಯಿರಿ, ಆದರೆ ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ಮಾಡಿಕೊಟ್ಟ ಕೆಲಸ, ಪಡೆದ ಹಣ ಇವುಗಳನ್ನು ಮನೆಯಲ್ಲಿ ಒಂದು ವಹಿಯಲ್ಲಿ ಬರೆದಿಡಿರಿ. ಒಳ್ಳೆಯ ಕೆಲಸಗಳ ಚಿತ್ರಗಳನ್ನು ಮುದ್ರಿಸಿ ಒಂದು ಆಲ್ಬಮ್ ಮಾಡಿರಿ. ಅದನ್ನು ಯಾರೂ ನಿಷೇಧಿಸಲಾರರು.

ಈಗ ಕುಟುಂಬದ ಹಿರಿಯರಿಗೆ. ಪ್ರವಾದಿ ದಾವೂದ್(ಅ)ರು ಸ್ವಂತ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರೆಂಬುದನ್ನು ನಾವು ಮಿಂಬರ್‌ನಿಂದ ಕೇಳುತ್ತೇವೆ, ಹೆಮ್ಮೆಪಡುತ್ತೇವೆ. ಆದರೆ ನಮ್ಮದೇ ಮನೆಯಲ್ಲಿ ಮೆಹಂದಿ, ಕಸೂತಿ, ಚಿತ್ರದಿಂದ ನಾಲ್ಕು ಕಾಸು ದುಡಿಯುವ ಮಗಳ ಅಥವಾ ಸೊಸೆಯ ಕೆಲಸಕ್ಕೆ ನಾವು ಗಂಟೆ ನಿಗದಿಪಡಿಸಿದ್ದೇವೆಯೇ? ಮನೆಯಲ್ಲೇ ಇದ್ದಾಳಲ್ಲ ಎಂದು ನೀರು ತರಲು, ಅತಿಥಿಗಳಿಗೆ ಚಹಾ ಮಾಡಲು, ಮಗುವನ್ನು ಎತ್ತಿಕೊಳ್ಳಲು ಹತ್ತು ಬಾರಿ ಎಬ್ಬಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಆಕೆಗೆ ಸ್ವಂತ ಮೊಬೈಲು ಕೂಡ ಇರುವುದಿಲ್ಲ. ಗಿರಾಕಿಗಳ ಸಂದೇಶ ಗಂಡನ ಅಥವಾ ಅಣ್ಣನ ಮೊಬೈಲಿಗೆ ಬರುತ್ತದೆ, ಆತ ನೆನಪಾದಾಗ ತಿಳಿಸುತ್ತಾನೆ. ಸ್ವಂತ ಮೊಬೈಲಿದ್ದರೆ, ಆಕೆ ಅದನ್ನು ಎಷ್ಟು ಹೊತ್ತು ಹಿಡಿದಿದ್ದಳೆಂದು ಲೆಕ್ಕ ಹಾಕುವವರು ಮನೆತುಂಬ. ಕಟ್ಟೆಯ ಮೇಲೆ ಕುಳಿತು ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡುವ ಗಂಡಸರ ಲೆಕ್ಕವನ್ನು ಯಾರು ಹಾಕಬೇಕು? ಪರದೆಯ ಸಮಯ ಕಡಿತವಾಗುವುದಿದ್ದರೆ ಅದು ದುಡಿಯದ ಮೊಬೈಲಿನಿಂದ ಆರಂಭವಾಗಲಿ.

ಸರಕಾರವೂ ಈ ಕೈಗಳನ್ನು ಕಂಡಿಲ್ಲ. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಆರಂಭವಾಯಿತು. ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿ ಸಾಲ ಮತ್ತು ಉಪಕರಣಗಳಿಗೆ 15 ಸಾವಿರ ರೂಪಾಯಿ. ಬಡ್ಡಿಯ ಪ್ರಶ್ನೆ ನಮಗೆ ಬೇರೆಯಾಗಿಯೇ ಇದೆ. ಆದರೆ ಅದರಲ್ಲಿ ಹೆಸರಿಸಿದ 18 ಕಸುಬುಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕರು ಇದ್ದಾರೆ, ಬೋರ್ಡು ಬರೆಯುವವನಿಲ್ಲ, ಕಾತಿಬನಿಲ್ಲ, ಮೆಹಂದಿ ಕಲಾವಿದೆಯಿಲ್ಲ. ಪಟ್ಟಿಯಲ್ಲಿಲ್ಲದವನು ಬ್ಯಾಂಕಿನ ಮುಂದೆ ಕಲಾವಿದನೂ ಅಲ್ಲ, ಕುಶಲಕರ್ಮಿಯೂ ಅಲ್ಲ. ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಬೇಕಾಗಿದೆ.

ಆದರೆ ಸರಕಾರವನ್ನು ಕೇಳುವ ಮೊದಲು ನಮ್ಮ ಮಸೀದಿ ಸಮಿತಿಗಳನ್ನು, ಮದುವೆ ಮಾಡುವ ಮನೆಗಳನ್ನು ಕೇಳೋಣ. ಈದ್ ಶುಭಾಶಯಕ್ಕೆ ಫ್ಲೆಕ್ಸ್, ಸಭೆಗೆ ಫ್ಲೆಕ್ಸ್, ಮಸೀದಿಯ ನಮಾಝ್ ವೇಳಾಪಟ್ಟಿಗೂ ಫ್ಲೆಕ್ಸ್! ವೇಳಾಪಟ್ಟಿಯ ಹಲಗೆಯನ್ನಾದರೂ ಊರಿನ ಕೈಯಿಂದ ಬರೆಯಿಸಲು ಏನು ಅಡ್ಡಿ? ಬರೆಯಿಸಿದಾಗ 'ಸವಾಬ್ ಸಿಗುತ್ತದೆ' ಎಂದು ಹೇಳಿ ಬಿಟ್ಟಿ ಮಾಡಿಸಿಕೊಳ್ಳುವ ಪದ್ಧತಿ ನಿಲ್ಲಲಿ. ಫ್ಲೆಕ್ಸ್ ಅಂಗಡಿಯವನಿಗೆ ನಾವು ಸವಾಬಿನ ಮಾತು ಹೇಳುವುದಿಲ್ಲ, ನಗದು ಕೊಡುತ್ತೇವೆ. ಮೆಹಂದಿಯ ಸಹೋದರಿಗೆ ರಾತ್ರಿ ಹನ್ನೆರಡಕ್ಕೆ ಸಂದೇಶ ಕಳುಹಿಸಿ, ನೀಲಿ ಗುರುತು ಬಿದ್ದಿದೆ, ಉತ್ತರವೇಕಿಲ್ಲ ಎಂದು ಗದರಿಸುವವರೂ ನಮ್ಮವರೇ. ಗಿರಾಕಿ ತಾಳ್ಮೆ ತಂದುಕೊಳ್ಳದೆ ಕಲಾವಿದ ಮೊಬೈಲನ್ನು ಬದಿಗಿಡಲಾರ. ಕೆಲಸ ಒಪ್ಪಿಸುವ ದಿನವೇ ಅರ್ಧ ಹಣ ಮುಂಗಡ ಕೊಡಿರಿ, ಮುಗಿಸುವ ದಿನ ಗೊತ್ತುಮಾಡಿರಿ, ಅಲ್ಲಿಯವರೆಗೆ ಎಷ್ಟಾಯಿತು, ಎಷ್ಟಾಯಿತು ಎಂದು ಚಿತ್ರ ಕೇಳಬೇಡಿರಿ.

ಅಸರ್‌ಗೆ ಇನ್ನು ಇಪ್ಪತ್ತು ನಿಮಿಷಗಳಿವೆ. ಹಿಂದಿನ ಸಾಲಿನ ಸಹೋದರಿಯರು ಚೀಟಿಗಳನ್ನು ಕಳುಹಿಸಿದ್ದಾರೆ, ಮೊದಲು ಅವುಗಳನ್ನು ತೆಗೆದುಕೊಳ್ಳುತ್ತೇವೆ.