ಔಷಧವೂ ನರವೂ: ಆರೋಗ್ಯ ಪ್ರದರ್ಶನವೊಂದರ ಉದ್ಘಾಟನಾ ಭಾಷಣ



ಈ ಪ್ರದರ್ಶನದ ಬಾಗಿಲಲ್ಲಿ ವ್ಯವಸ್ಥಾಪಕರು ನಿತ್ಯಪುಷ್ಪದ ಕುಂಡವೊಂದನ್ನಿರಿಸಿರುವುದು ಬರಿಯ ಅಲಂಕಾರಕ್ಕಲ್ಲ. ಮಡಗಾಸ್ಕರ್ ದ್ವೀಪದಿಂದ ಬಂದು ನಮ್ಮ ಹಿತ್ತಿಲುಗಳಲ್ಲಿ ನೆಲೆಯೂರಿದ ಆ ಗಿಡದಿಂದಲೇ ದೊರೆತ ವಿನ್‌ಕ್ರಿಸ್ಟಿನ್ ಎಂಬ ಔಷಧವು, 1963ರಿಂದೀಚೆಗೆ, ರಕ್ತದ ಕ್ಯಾನ್ಸರಿಗೆ ತುತ್ತಾದ ಅಸಂಖ್ಯ ಮಕ್ಕಳ ಪ್ರಾಣವನ್ನುಳಿಸುವಲ್ಲಿ ನೆರವಾಗಿದೆ. ಆದರೆ ಜೀವಕೋಶದ ಯಾವ ಸೂಕ್ಷ್ಮನಾಳಗಳನ್ನು ಕೆಡಿಸಿ ಅದು ರೋಗದ ವೃದ್ಧಿಯನ್ನು ತಡೆಯುವುದೋ, ನರತಂತುವಿನ ಪೋಷಕದ್ರವ್ಯಗಳೂ ಅಂಥ ನಾಳಗಳನ್ನೇ ಆಶ್ರಯಿಸಿ ಸಾಗಬೇಕಾಗಿರುವುದರಿಂದ, ರೋಗಕ್ಕೆ ಬಿದ್ದ ಪೆಟ್ಟು ನರಕ್ಕೂ ತಗಲುವುದು. ನಾಲೆಯ ನೀರು ಕ್ಷೀಣಿಸಿದಾಗ ಕಡೆಯಂಚಿನ ಗದ್ದೆಯೇ ಮೊದಲು ಒಣಗುವಂತೆ, ಅತಿ ನೀಳವಾದ ನರಗಳ ತುದಿಯಾದ ಕಾಲ್ಬೆರಳುಗಳಿಗೇ ಸಾಮಾನ್ಯವಾಗಿ ಜೋಮು ಮೊದಲು ಹಿಡಿಯುವುದು.

ಎಲ್ಲ ಕ್ಯಾನ್ಸರ್ ಔಷಧಗಳ ನಡೆಯೂ ಒಂದೇ ಬಗೆಯದಲ್ಲ. ಆಕ್ಸಾಲಿಪ್ಲಾಟಿನ್ ಪಡೆದವರು ತಣ್ಣೀರು ಮುಟ್ಟಿದೊಡನೆ ಮುಳ್ಳು ನಾಟಿದವರಂತೆ ಕೈ ಹಿಂದೆಗೆಯುವುದುಂಟು. ಸಿಸ್‌ಪ್ಲಾಟಿನ್ನಿನ ಬಾಧೆಯಾದರೋ, ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಉಲ್ಬಣಿಸುತ್ತಲೇ ಹೋಗಬಹುದು. ನರಗಳಿಗಾಗುವ ಈ ಹಾನಿಯನ್ನು ಬಾರದಂತೆ ತಡೆಯುವ ಮದ್ದೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವು 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಯಾವುದನ್ನೂ ಶಿಫಾರಸು ಮಾಡಲಿಲ್ಲ. ಬಂದ ನೋವಿಗೆ ಹೇಳಿದ್ದು ಡುಲಾಕ್ಸೆಟಿನ್ ಒಂದನ್ನೇ. ಆದಕಾರಣ ಹಾನಿಯನ್ನು ಬೇಗನೆ ಕಂಡುಹಿಡಿದು, ಔಷಧದ ಪ್ರಮಾಣವನ್ನು ಇಳಿಸುವುದೋ ಮುಂದೂಡುವುದೋ ನಿಲ್ಲಿಸುವುದೋ ಎಂದು ಕಾಲಕ್ಕೆ ಸರಿಯಾಗಿ ವಿವೇಚಿಸುವುದೇ ವೈದ್ಯನಿಗುಳಿದಿರುವ ಮುಖ್ಯ ಮಾರ್ಗ.

ಒಳಗಿನ ಕೋಣೆಯಲ್ಲಿ ನರಗಳ ವಿದ್ಯುದ್ವಹನವನ್ನಳೆಯುವ ಭವ್ಯವಾದ ಯಂತ್ರವಿದೆ. ಅದು ದಪ್ಪ ತಂತುಗಳ ವರ್ತಮಾನವನ್ನು ಚೆನ್ನಾಗಿ ತಿಳಿಸುವುದು, ಉರಿ ನೋವುಗಳನ್ನು ಒಯ್ಯುವ ಸಣ್ಣ ತಂತುಗಳ ವಿಷಯದಲ್ಲಿ ಮಾತ್ರ ಬಾಯಿ ಬಿಡದು. ನನ್ನ ಪಕ್ಷಪಾತವೇನಿದ್ದರೂ ಮೂಲೆಯ ಪುಟ್ಟ ಮೇಜಿನ ಕಡೆಗೆ. ಅಲ್ಲಿರುವುದು ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವಲೊಂದು, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದು. ಕವಲನ್ನು ಮಿಡಿದು ಕಾಲಿನ ಹೆಬ್ಬೆರಳಿನ ಎಲುಬಿನ ಮೇಲೆ ಊರಿ, ಕಣ್ಣು ಮುಚ್ಚಿದ ರೋಗಿಯು “ನಿಂತಿತು” ಎನ್ನುವ ಗಳಿಗೆಯನ್ನು, ಮೊದಲ ಸೂಜಿಗೆ ಮುನ್ನವೇ ಒಮ್ಮೆ, ಅನಂತರ ಪ್ರತಿ ಸರದಿಯಲ್ಲೂ ಬರೆದಿಟ್ಟುಕೊಳ್ಳಬೇಕು.

ಇದಕ್ಕೂ ಮಿಗಿಲಾದುದು ಪ್ರಶ್ನೆ. ಔಷಧ ಕಡಮೆಯಾದೀತೆಂಬ ಭಯದಿಂದ ಅನೇಕರು ಜೋಮನ್ನು ಬಚ್ಚಿಡುವರು. “ನಿಶ್ಶಕ್ತಿ, ಅಷ್ಟೇ” ಎಂದು ತೇಲಿಸುವರು. ಅಂಥವರನ್ನು, “ತಾಯೀ, ಕುಪ್ಪಸದ ಹುಕ್ಕನ್ನು ನೀವೇ ಹಾಕಿಕೊಳ್ಳುವಿರಾ? ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯಿತೇ?” ಎಂದು ಕೇಳಿದ ಶುಶ್ರೂಷಕಿಗೆ, ಯಂತ್ರಕ್ಕೆ ಸಿಗದ ಉತ್ತರವೂ ಸಿಗಬಹುದು.

ಈ ಪ್ರದರ್ಶನವು ಆರಂಭವಾಯಿತೆಂದು ಸಂತೋಷದಿಂದ ಸಾರುತ್ತೇನೆ. ತಾವೆಲ್ಲರೂ ಮೊದಲು ಆ ಪುಟ್ಟ ಮೇಜಿನ ಬಳಿಗೇ ದಯಮಾಡಿಸಬೇಕು. ಪಾದರಕ್ಷೆಗಳನ್ನು ಕಳಚಿಡಲು ಬಾಗಿಲ ಬಲಗಡೆ ಸ್ಥಳವಿದೆ.